ನಾಲ್ಕು ಹಗ್ಗದ ಜೋಗುಳ

ಜನ ನನ್ನ ಹಾಡಿಗೆ ಎದ್ದು ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದೊಡ್ಡ ದೊಡ್ಡ ವಿದ್ವಾಂಸರಿಗೂ ಈ ಭಾಗ್ಯ ಸುಲಭವಲ್ಲ. ಅವರ ಸಭಿಕರು ಎದ್ದರೆ ಬಹುಮಟ್ಟಿಗೆ ಊಟದ ಕಡೆಗೆ ಹೊರಟಿರುತ್ತಾರೆ. ನನಗೆ ಅದು ಒದಗಿದ್ದು ಹಿರಿಯೂರಿನಲ್ಲಿ, ಬಸ್ ನಿಲ್ದಾಣದ ಹತ್ತಿರದ ಒಂದು ಹೋಟೆಲಿನಲ್ಲಿ, ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಕೂತಿದ್ದಾಗ.

ರಸ್ತೆಯ ಆ ತುದಿಯಿಂದ ಲೌಡ್‌ಸ್ಪೀಕರಿನಲ್ಲಿ ಒಂದು ದನಿ ಬರುತ್ತಿತ್ತು. ಮೊದಲು ಎಲ್ಲೋ ಕೇಳಿದ ದನಿ ಅನ್ನಿಸಿತು. ಆಮೇಲೆ ಅದು ನನ್ನದೇ ಎಂದು ತಿಳಿಯಿತು. ನನ್ನ ಮೊದಲ ಆಲ್ಬಂ ಹೊರಬಂದು ಕೆಲವು ತಿಂಗಳಾಗಿದ್ದವು. ಅಲ್ಲಿಯವರೆಗೆ ನನ್ನನ್ನೂ ನನ್ನ ಹೆಂಡತಿಯನ್ನೂ ಬಿಟ್ಟು ಮೂರನೆಯ ಜೀವಿ ಅದನ್ನು ತಾನಾಗಿ ಕೇಳಿದ್ದಕ್ಕೆ ಪುರಾವೆಯಿರಲಿಲ್ಲ. ದನಿ ಹತ್ತಿರವಾಯಿತು. ಹೋಟೆಲಿನವನು ಬಾಣಲೆಯ ಕೆಳಗಿನ ಉರಿ ತಗ್ಗಿಸಿದ. ಪಕ್ಕದ ಮೇಜಿನ ಹಿರಿಯರೊಬ್ಬರು ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಎದ್ದು ನಿಂತರು. ಇನ್ನೊಬ್ಬ ಚಪ್ಪಲಿ ಬಿಟ್ಟ. ನೋಡನೋಡುತ್ತ ಎಲ್ಲರೂ ಎದ್ದರು, ಕೆಲವರು ಕೈ ಮುಗಿದರು. ಕಲಾವಿದನಾದವನು ಇಂಥ ಹೊತ್ತಿನಲ್ಲಿ ಕೂತೇ ಇರುವುದು ಅಹಂಕಾರವಾದೀತೆಂದು ನಾನೂ ಎದ್ದೆ. ಎಣ್ಣೆಗೈಯನ್ನು ಪಂಚೆಗೆ ಒರೆಸಿಕೊಂಡು ನೆರೆದ ಮಹಾಜನಗಳಿಗೆ ಪ್ರತಿವಂದನೆ ಸಲ್ಲಿಸಿದೆ.

ಆಗ ಗಾಡಿ ಬಂತು. ಚೆಂಡುಹೂವಿನ ಹಾರ ಹಾಕಿದ ಶವವಾಹನ. ಗಾಜಿನೊಳಗೆ ಯಾರೋ ಮಲಗಿದ್ದರು. ಗಾಡಿಯ ನೆತ್ತಿಯ ಮೇಲೆ ಎರಡು ಸ್ಪೀಕರು, ಆ ಎರಡರಲ್ಲೂ ನಾನು. ಕೃತಜ್ಞತೆಗೆಂದು ಜೋಡಿಸಿದ್ದ ಕೈಯನ್ನು ಹಾಗೆಯೇ ಹಿಡಿದುಕೊಂಡೆ. ಸಂತಾಪಕ್ಕೂ ಅದೇ ಕೈ ಸಾಕಾಯಿತು.

ಆ ಹಾಡು ಜೋಗುಳ. ಇದನ್ನು ನಾನು ಆಮೇಲೆ ಬಹಳ ಜನರಿಗೆ ಹೇಳಿದ್ದೇನೆ, ಯಾರೂ ನಂಬಿಲ್ಲ. ನೀವೂ ನಂಬಲೇಬೇಕೆಂದು ಬಲವಂತವಿಲ್ಲ. ಆದರೂ ಹುಟ್ಟಿದ ಬಗೆ ಹೇಳಿಬಿಡುತ್ತೇನೆ.

ನಾನು ಹೊಸದುರ್ಗದ ಒಂದು ಖಾಸಗಿ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಆಯುಷ್ಯ ಕಳೆದವನು. 'ಹೊಳಲ್ಕೆರೆ ಮಾರ್ಗವಾಗಿ ಚಿತ್ರದುರ್ಗಕ್ಕೆ ಹೋಗುವ ಬಸ್ಸು ಹೊರಡಲು ಸಿದ್ಧವಾಗಿದೆ' ಎಂದು ಗಂಭೀರವಾಗಿ ಸಾರುವುದು ನನ್ನ ಉದ್ಯೋಗ. ಸಿದ್ಧವಾದ ಬಸ್ಸು ಆಮೇಲೆ ಎಷ್ಟು ಹೊತ್ತಿಗೆ ಹೊರಟಿತೆಂಬುದಕ್ಕೆ ನಾನು ಹೊಣೆಯಲ್ಲ. ಒಂದು ಬಸ್ಸಿಗೂ ಇನ್ನೊಂದಕ್ಕೂ ನಡುವೆ ಸಿಗುತ್ತಿದ್ದ ಬಿಡುವಿನಲ್ಲಿ ಮೈಕು ಆರಿಸಿ ಪದ ಕಟ್ಟುತ್ತಿದ್ದೆ. ಭಜನೆಯ ಮನೆಯಲ್ಲಿ ಬೆಳೆದ ಕಿವಿ. ಧಾಟಿ ತಾನಾಗಿ ಬರುತ್ತಿತ್ತು. ಕಿಟಕಿ ಸೀಟಿಗೆ ಟವೆಲು ಎಸೆಯುವವರ ಮೇಲೆ ಒಂದು ಪದ, ಗುಡ್ಡದ ಮೇಲೆ ಸುಮ್ಮನೆ ತಿರುಗುವ ಗಾಳಿ ಫ್ಯಾನುಗಳ ಮೇಲೆ ಒಂದು, ನನ್ನ ಹೆಂಡತಿಯ ಕೋಪದ ಮೇಲೆ ಒಂದು. ಮೂರನೆಯದನ್ನು ಅವಳೇ ತಿದ್ದಿದ್ದಾಳೆ.

ಒಬ್ಬಳೇ ಮಗಳನ್ನು ತಾಳ್ಯಕ್ಕೆ ಕೊಟ್ಟಿದ್ದೆವು. ಮದುವೆಯಾಗಿ ಎಷ್ಟೋ ವರ್ಷ ಅವಳ ಮಡಿಲು ತುಂಬಿರಲಿಲ್ಲ. ಕೊನೆಗೊಮ್ಮೆ ಬಸುರು ನಿಂತಿತು ಎಂಬ ಸುದ್ದಿ ಬಂದ ದಿನ ನಾನು ಚಿತ್ರದುರ್ಗದ ಬಸ್ಸನ್ನು ಹಿರಿಯೂರಿನ ಬಸ್ಸೆಂದು ಸಾರಿ, ಸಾಕಷ್ಟು ಜನರನ್ನು ದಿಕ್ಕು ತಪ್ಪಿಸಿದೆ. ಆ ವಾರವೇ ಜೋಗುಳ ಹುಟ್ಟಿತು. ತೊಟ್ಟಿಲು ಶಾಸ್ತ್ರದ ದಿನ ನಮ್ಮಲ್ಲಿ ನಾಲ್ವರು ಮುತ್ತೈದೆಯರು ತೊಟ್ಟಿಲಿನ ನಾಲ್ಕು ಹಗ್ಗ ಹಿಡಿದು ನಿಲ್ಲುತ್ತಾರೆ. ಅದನ್ನೇ ನೆನೆದು ಕಟ್ಟಿದೆ:

ದೂರದಿಂದ ಬಂದ ಜೀವ, ದಣಿದು ಬಂದ ಜೀವ,
ನಾಕು ಹಗ್ಗಕೆ ನಾಕು ಮಂದಿ ನಿಂತಾರೆ, ಮಲಗಿನ್ನು,
ಬಂದೂರ ದಾರಿ ನೆನಿಬ್ಯಾಡ.

ಹೊಸ ಬಟ್ಟೆ ಹೊದಿಸ್ಯಾರೆ, ಹಣೆಗೆ ಬೂದಿ ಹಚ್ಯಾರೆ,
ಹತ್ತೂರ ನೆಂಟರು ಮಕ ನೋಡಿ ಹೋದಾರು, ಮಲಗಿನ್ನು,
ಬೆಳಗಾನ ಯಾರೂ ಎಬ್ಬಿಸರು.

ಎದ್ದಾಗ ಹಾಲುಂಟು, ಎದೆಯಾಗ ಜಾಗುಂಟು,
ಎದ್ದು ನಗುವಾಗ ಕಿವಿಯಾಗ ಹೆಸರ ಉಸುರೇವು, ಮಲಗಿನ್ನು,
ನಮ್ಮೂರ ಬಿಟ್ಟು ಹೋಗಬ್ಯಾಡ.

ಪ್ರತಿ ಚರಣದ ಕೊನೆಗೆ ನನ್ನ ಹೆಂಡತಿ 'ಜೋ ಜೋ' ಎಂದು ಉದ್ದಕ್ಕೆ ಎಳೆಯುತ್ತಿದ್ದಳು. ಪದಕ್ಕೆ ತೊಟ್ಟಿಲಿನ ತೂಗು ಬರುತ್ತಿದ್ದುದು ಆ ಎಳೆತದಿಂದಲೇ. ನನ್ನದು ಬರೀ ಮರದ ಕೆಲಸ.

ಆ ಮಗು ತೊಟ್ಟಿಲಿನವರೆಗೆ ಬರಲಿಲ್ಲ. ಅದರ ಬಗ್ಗೆ ನಮ್ಮ ಮನೆಯಲ್ಲಿ ಹೆಚ್ಚು ಮಾತಿಲ್ಲ, ಇಲ್ಲಿಯೂ ಬೇಡ. ಪದ ಮಾತ್ರ ಉಳಿದುಕೊಂಡಿತು, ಹೊಲಿಸಿಟ್ಟ ಅಂಗಿಯಂತೆ. ನನಗೆ ಉಳಿದ ಆಸೆ ಒಂದೇ: ಮಗಳ ಮಗುವಿನ ತೊಟ್ಟಿಲ ಮುಂದೆ ನಿಂತು ಈ ಪದವನ್ನು ಒಂದು ಸಾರಿ ಹಾಡಬೇಕು. ಬೇರೆ ಪದಗಳನ್ನು ಜನ ಕೇಳಲಿ, ಬಿಡಲಿ. ಬಿಟ್ಟೇ ಬಿಟ್ಟರು, ಆ ಮಾತು ಬೇರೆ.

ಕಾಲ ಕಳೆದು ನಿಲ್ದಾಣದ ಮೈಕಿಗೆ ಯಾವುದೋ ಹೆಣ್ಣುಮಗಳ ಮುದ್ರಿತ ದನಿ ಬಂತು. ಆಕೆ ಕೆಮ್ಮುವುದಿಲ್ಲ, ಟೀ ಕುಡಿಯಲು ಹೋಗುವುದಿಲ್ಲ. ನನ್ನ ಗಂಟಲು ನಿವೃತ್ತವಾಯಿತು. ಆಗ ಭಜನೆಯ ಗೆಳೆಯರು, 'ಈ ಪದಗಳು ನಿನ್ನ ಜೊತೆಗೇ ಮಣ್ಣಾಗಬಾರದು, ಆಲ್ಬಂ ಮಾಡು' ಎಂದು ಹುರಿದುಂಬಿಸಿದರು. ಮಣ್ಣಿನ ಪ್ರಸ್ತಾಪ ಅಷ್ಟು ಬೇಗ ಬರುತ್ತದೆಂದು ಆಗ ಹೊಳೆದಿರಲಿಲ್ಲ.

ಚಿತ್ರದುರ್ಗದಲ್ಲಿ ಒಂದು ಮೊಬೈಲ್ ಅಂಗಡಿಯ ಮಹಡಿಯ ಮೇಲೆ ಸ್ಟುಡಿಯೋ. ದನಿ ಮಾರ್ದನಿಸದಿರಲೆಂದು ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ್ದರು. ಶುದ್ಧ ಶಾಕಾಹಾರಿಯಾದ ನಾನು ಆ ಕೋಳಿಗೂಡಿನಲ್ಲಿ ಕುಳಿತು ಏಳು ಪದ ಹಾಡಿದೆ. ಹೆಂಡತಿ ಪಕ್ಕದಲ್ಲಿ ಕುಳಿತು ಜೋ ಎಂದಳು. ಸ್ಟುಡಿಯೋದ ಯಜಮಾನ ಮದುವೆಯ ವಿಡಿಯೋ ತೆಗೆಯುವ ಯುವಕ, ಬಹಳ ವಿನಯವಂತ. 'ಉಳಿದಿದ್ದು ನನಗೆ ಬಿಡ್ರಿ ಸಾರ್, ಮಿಕ್ಸಿಂಗ್‌ನಾಗೆ ಬೇರೆ ಲೆವೆಲ್ಲಿಗೆ ತಗಂಡೋಗ್ತೀನಿ' ಎಂದ. ತೆಗೆದುಕೊಂಡು ಹೋದ.

ಲೋಕಾರ್ಪಣೆ ಹೊಸದುರ್ಗದ ಒಂದು ಸಮುದಾಯ ಭವನದಲ್ಲಿ ನಡೆಯಿತು. ಈಗಿನ ಆಲ್ಬಂ ಎಂದರೆ ಕ್ಯಾಸೆಟ್ಟೂ ಅಲ್ಲ, ಸೀಡಿಯೂ ಅಲ್ಲ, ಬೆರಳುಗಾತ್ರದ ಪೆನ್‌ಡ್ರೈವು, ಮತ್ತೆ ಫೋನಿನೊಳಗಿನ ಚಾನೆಲ್ಲು. ಮುಖ್ಯ ಅತಿಥಿಗಳು ಬಣ್ಣದ ಕಾಗದ ಬಿಚ್ಚಿ ಅದನ್ನು ಎತ್ತಿ ತೋರಿಸಿದರು. ಹಿಂದಿನ ಸಾಲಿನವರಿಗೆ ಅವರು ಬರಿಗೈ ಎತ್ತಿದಂತೆ ಕಂಡು, ಕೆಲವರು ಆಶೀರ್ವಾದವೆಂದು ತಲೆ ಬಾಗಿಸಿದರು. ಅಷ್ಟರಲ್ಲಿ ಅದು ಜಾರಿ ಬಿತ್ತು. ವೇದಿಕೆಯ ಗಣ್ಯರೆಲ್ಲ ಮೇಜಿನ ಕೆಳಗೆ ತೂರಿಕೊಂಡು ನನ್ನ ಸಾಹಿತ್ಯವನ್ನು ಹುಡುಕಿದರು. ಇಷ್ಟು ಜನ ಒಟ್ಟಿಗೆ ನನ್ನ ಸಾಹಿತ್ಯವನ್ನು ಹುಡುಕಿದ್ದು ಅದೇ ಮೊದಲು, ಅದೇ ಕೊನೆ.

ಸಿಕ್ಕಿತು. ಜೋಗುಳವನ್ನೇ ಮೊದಲು ಹಾಕಿದರು. ಮೊದಲ ಚರಣ ಮುಗಿಯಿತು. ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆಯುಟ್ಟು ಕುಳಿತಿದ್ದ ನನ್ನ ಹೆಂಡತಿ ತನ್ನ ಜೋ ಬರುತ್ತದೆಂದು ಸೆರಗು ಸರಿಮಾಡಿಕೊಂಡಳು. ಜೋ ಬರಲಿಲ್ಲ. ಆ ಜಾಗದಲ್ಲಿ ಕೀಬೋರ್ಡಿನಿಂದ ಹೊರಟ ಒಂದು ಶಹನಾಯಿ, ಯಾರದೋ ಮನೆ ಮುಳುಗಿದಂತೆ ಗೋಳಾಡಿತು. ಎರಡನೇ ಚರಣಕ್ಕೂ ಅದೇ. ಹೆಂಡತಿ ಸೆರಗನ್ನು ಮತ್ತೆ ಮೊದಲಿನಂತೆ ಹಾಕಿಕೊಂಡಳು. ನನ್ನ ಕಡೆ ನೋಡಲಿಲ್ಲ.

ಪರದೆಯ ಮೇಲೆ ಗುಡ್ಡದ ಚಿತ್ರ; ಕೆಳಗೆ ಅಕ್ಷರ. ಗಾಯನ ಎಂಬಲ್ಲಿ ನನ್ನ ಹೆಸರಿತ್ತು. ಸಾಹಿತ್ಯ ಎಂಬಲ್ಲಿ 'ಜಾನಪದ' ಎಂದಿತ್ತು.

ಸಭೆ ಮುಗಿದ ಮೇಲೆ ಯುವಕನನ್ನು ಕಂಬದ ಮರೆಗೆ ಕರೆದೆ. "ಏನಪ್ಪ, ಜೋ ಎಲ್ಲಿ ಹೋತು?"

"ಅಮ್ಮಾರ ವಾಯ್ಸು ಸ್ವಲ್ಪ ನಡುಗ್ತಿತ್ತು ಸಾರ್. ತೆಗೆದು ಶಹನಾಯಿ ಕೂರಿಸ್ದೆ. ಫೀಲ್ ಬಂತಲ್ಲ?"

"ಬಂತು. ಮತ್ತೆ ಇದೇನು, ಸಾಹಿತ್ಯ ಜಾನಪದ ಅಂತ? ಬರೆದೋನು ನಾನು, ನಿನ್ನ ಮುಂದೆ ನಿಂತೀನಿ."

ಅವನು ಮಗುವಿಗೆ ಹೇಳುವಂತೆ ಹೇಳಿದ: "ಸಾರ್, ಬರೆದೋರು ಬದುಕಿದ್ರೆ ಅದು ಜಾನಪದ ಹೆಂಗಾಗ್ತೈತೆ? ಜಾನಪದ ಅಂದ್ರೆ ಜನ ಕೇಳ್ತಾರೆ. ನಿಮ್ಮೆಸ್ರು ಹಾಕಿದ್ರೆ ನಿಮ್ ಮನೆಯೋರು ಕೇಳ್ತಾರೆ."

ತರ್ಕ ಬಲವಾಗಿತ್ತು. ಬದುಕಿರುವ ತಪ್ಪು ನನ್ನದೇ ಆದ್ದರಿಂದ ಹೆಚ್ಚು ವಾದಿಸಲಾಗಲಿಲ್ಲ.

ಹೀಗೆ ಜೋ ಕಳೆದುಕೊಂಡು, ತಂದೆಯನ್ನೂ ಕಳೆದುಕೊಂಡು ನನ್ನ ಜೋಗುಳ ಲೋಕಸಂಚಾರಕ್ಕೆ ಹೊರಟಿತು. ಅದು ಎಲ್ಲಿಗೆ ತಲುಪಿತೆಂದು ನನಗೆ ಗೊತ್ತಾದದ್ದು ಹಿರಿಯೂರಿನ ಆ ಹೋಟೆಲಿನಲ್ಲಿ.

ಅಂದು ಊರಿಗೆ ಬಸ್ಸು ಹತ್ತದೆ ವಿಚಾರಿಸಿಕೊಂಡು ಹೋದೆ. ಗಾಡಿ ತನ್ನ ಕೆಲಸ ಮುಗಿಸಿ ಬಂದು ಬೇವಿನ ಮರದ ಕೆಳಗೆ ನಿಂತಿತ್ತು. ಡ್ರೈವರ್ ಬಕೆಟ್ಟಿನಲ್ಲಿ ನೀರು ತಂದು ತೊಳೆಯುತ್ತಿದ್ದ. ನಡುವಯಸ್ಸಿನವನು, ಧರ್ಮಪುರದ ಕಡೆಯವನು.

"ಈ ಪದ ಎಲ್ಲಿ ಸಿಕ್ತಪ್ಪ ನಿನಗೆ?" ಎಂದೆ.

"ಫೋನಾಗೆ. ಯಾಕ್ ಯಜಮಾನ್ರೆ, ನಿಮಗೂ ಬೇಕಾ? ಮನ್ಯಾಗೆ ಯಾರಾದ್ರೂ...?"

"ಯಾರೂ ಇಲ್ಲ. ಇದು ಸಾವಿನ ಪದ ಅಲ್ಲಪ್ಪ, ಜೋಗುಳ."

ಅವನು ಬಕೆಟ್ಟು ಕೆಳಗಿಟ್ಟ. "ಯಾರ್ ಹೇಳಿದ್ದು?"

"ನಾನೇ ಬರೆದಿದ್ದು. ಹಾಡಿರೋದೂ ನಾನೇ."

ತಲೆಯಿಂದ ಕಾಲಿನವರೆಗೆ ನೋಡಿದ. "ಹಾಡಿರೋರು ನೀವೇ ಇರಬೌದು, ದನಿ ಹಂಗೇ ಐತೆ. ಬರ್ದೆ ಅಂತ ಮಾತ್ರ ಹೇಳಬ್ಯಾಡ್ರಿ, ಹಿರೇರ ಪದ, ಪಾಪ ತಗಲ್ತೈತೆ. ಜಾನಪದ ಅಂತ ಅದ್ರಾಗೇ ಬರ್ದೈತಲ್ಲ. ನಮ್ಮಜ್ಜಿ ಹಾಡ್ತಿದ್ಲು ಇದ್ನ, ಹೆಣದ ಮುಂದೆ ಕುಂತ್ಕಂಡು."

"ಇದೇ ಪದಾನಾ?"

"ಇದೇ ಪದ. ಇನ್ನೂ ಎರಡು ಚರಣ ಇದ್ವು. ನೀವು ಬಿಟ್ಟೀರಿ."

ನಾನು ಮರದ ಬೇರಿನ ಮೇಲೆ ಕುಳಿತೆ. ನನ್ನ ಪದದಲ್ಲಿ ನಾನೇ ಮರೆತ ಚರಣಗಳಿವೆ ಎಂದ ಮೇಲೆ ನಿಂತು ಮಾತಾಡುವುದು ಕಷ್ಟ. ಆದರೂ ಒಂದು ಕೊನೆಯ ಪ್ರಯತ್ನ ಮಾಡಿದೆ. "ನಾಕು ಹಗ್ಗ ಅಂದ್ರೆ ತೊಟ್ಟಿಲ ಹಗ್ಗ ಕಣಪ್ಪ."

"ತೊಟ್ಟಿಲಿಗೆ ನಾಕು ಮಂದಿ ಯಾಕ್ ಬೇಕ್ರಿ? ಒಬ್ಳು ತೂಗಿದ್ರೆ ಸಾಕು. ನಾಕು ಮಂದಿ ಬೇಕಾಗದು ಯಾವ್ದಕ್ಕೆ ಅಂತ ಸಣ್ಣ ಮಕ್ಳಿಗೂ ಗೊತ್ತು."

"ಮೂರನೇ ಚರಣ ಕೇಳಿದೀಯಾ? ಎದ್ದಾಗ ಹಾಲುಂಟು ಅಂತ ಐತೆ. ಹೆಣ ಏಳ್ತೈತಾ?"

"ಅಲ್ಲಿಗೆ ಬರಾಕೆ ಬಿಡಲ್ಲ ನಾನು. ಎರಡಾದ ಕೂಡ್ಲೆ ಮತ್ತೆ ಮೊದ್ಲಿಂದ ಹಾಕ್ತೀನಿ. ಮೂರನೇದ್ರಾಗೆ ಅಷ್ಟು ಅಳು ಬರಲ್ಲ." ಆಮೇಲೆ ನನ್ನ ಮುಖ ನೋಡಿ ಕನಿಕರವಾಯಿತೇನೋ, ಸಮಾಧಾನ ಹೇಳಿದ: "ನಿಮ್ ದನೀಗೆ ಒಂದು ಗುಣ ಐತೆ ಯಜಮಾನ್ರೆ. ಕಳಿಸಿಕೊಡೋ ಗುಣ."

ಬಸ್ ನಿಲ್ದಾಣದ ಸೇವೆಗೆ ದೊರೆತ ಏಕೈಕ ಪ್ರಶಸ್ತಿ ಪತ್ರ ಅದು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಜೋ ತೆಗೆದ ಮೇಲೆ ಅದು ತೊಟ್ಟಿಲು ಹೆಂಗಾಗ್ತೈತ್ರಿ? ಚಟ್ಟಾನೇ ಆಗ್ತೈತೆ" ಎಂದಳು. ನನ್ನ ಆಲ್ಬಮ್ಮಿನ ಬಗ್ಗೆ ಬಂದ ವಿಮರ್ಶೆಗಳಲ್ಲಿ ಇಷ್ಟು ಚಿಕ್ಕದೂ ಇಷ್ಟು ಸರಿಯಾದದ್ದೂ ಇನ್ನೊಂದಿಲ್ಲ. ಬೇರೆ ವಿಮರ್ಶೆಯೇ ಬರಲಿಲ್ಲವೆಂಬುದನ್ನೂ ಹೇಳಬೇಕು.

ಆಮೇಲೆ ಅದು ಹಬ್ಬಿತು. ಹೊಳಲ್ಕೆರೆಯ ಗಾಡಿಗೆ ಬಂತು, ಚಿತ್ರದುರ್ಗದ ಗಾಡಿಗಳಿಗೆ ಬಂತು. ಗಾಡಿಯಿಲ್ಲದ ಹಳ್ಳಿಗಳಲ್ಲಿ ಟ್ರ್ಯಾಕ್ಟರಿಗೆ ಸ್ಪೀಕರು ಕಟ್ಟಿ ಹಾಕಿದರು. ಸ್ಟುಡಿಯೋದ ಯುವಕ ಫೋನು ಮಾಡಿ, "ಸಾರ್, ಹೊಡೀತು! ಕೆಳಗೆ ಜನ ಏನ್ ಬರೆದವ್ರೆ ನೋಡ್ರಿ!" ಎಂದ. ನೋಡಿದೆ. ಉದ್ದಕ್ಕೂ ಓಂ ಶಾಂತಿ. ನಮ್ಮ ತಂದೆಯವರ ನೆನಪಾಯಿತು, ನಮ್ಮ ಅಕ್ಕನ ನೆನಪಾಯಿತು, ನಮ್ಮ ಎತ್ತಿನ ನೆನಪಾಯಿತು. ಕಿಟಕಿ ಸೀಟಿನ ಪದದ ಕೆಳಗೆ ಯಾರೋ ಒಬ್ಬ ಕಾಳಜಿಯಿಂದ, ಇವರು ತಮಾಷೆ ಬಿಟ್ಟು ಸಾವಿನ ಕಡೆ ಗಮನ ಕೊಟ್ಟರೆ ಒಳ್ಳೆಯದು ಎಂದು ಬರೆದಿದ್ದ. ಅದು ಜೋಗುಳ ಎಂದು ತಲೆಬರಹದಲ್ಲಾದರೂ ಹಾಕಪ್ಪ ಎಂದು ಯುವಕನನ್ನು ಬೇಡಿಕೊಂಡೆ. ಅವನು ನನ್ನ ಮಾತು ಮೀರಲಿಲ್ಲ. ಮರುದಿನ ನೋಡಿದರೆ 'ಕಣ್ಣೀರು ತರಿಸುವ ಸಾವಿನ ಜೋಗುಳ' ಎಂದಿತ್ತು.

ಮದುವೆಗೆ ಹಾಡಲು ಒಪ್ಪಿಸಿದ್ದ ಒಂದು ಮನೆಯವರು ಬಂದು ಕೈ ಹಿಡಿದುಕೊಂಡರು. "ಬರ್ರಿ, ಮುಂದಿನ ಸಾಲಿನಾಗೆ ಕುಂತ್ಕಳ್ರಿ, ಹೊಟ್ಟೆ ತುಂಬ ಊಟ ಮಾಡ್ರಿ. ಹಾಡಬ್ಯಾಡ್ರಿ, ಅಷ್ಟೇ." ಸಾವಿನ ಮನೆಗಳಿಂದ ಮಾತ್ರ ಕರೆ ತಪ್ಪಲಿಲ್ಲ. ಮೊದಮೊದಲು ಏನಾದರೊಂದು ನೆವ ಹೇಳುತ್ತಿದ್ದೆ. ಆದರೆ ಹೆಣವನ್ನು ಹೊರಗೆ ಇಟ್ಟುಕೊಂಡು ಕರೆಯುವವರಿಗೆ ಇನ್ನೊಂದು ದಿನ ಬರುತ್ತೇನೆ ಎನ್ನುವುದು ಹೇಗೆ? ಹೋಗತೊಡಗಿದೆ. ಹೋದಲ್ಲಿ ಮೂರನೇ ಚರಣವನ್ನು ಹಟದಿಂದ ಹಾಡುತ್ತಿದ್ದೆ. ಅಷ್ಟು ಹೊತ್ತಿಗೆ ಹಲಗೆಯ ಬಡಿತ ಜೋರಾಗಿರುತ್ತಿತ್ತು, ಯಾರಿಗೂ ಕೇಳುತ್ತಿರಲಿಲ್ಲ.

ಈ ಕೀರ್ತಿಯ ನಡುವೆ ಮಗಳಿಗೆ ಮತ್ತೆ ನಿಂತಿತು. ಈ ಸಾರಿ ನಾವು ಯಾರಿಗೂ ಹೇಳಲಿಲ್ಲ, ನಮ್ಮಿಬ್ಬರ ನಡುವೆಯೂ ಜೋರಾಗಿ ಆಡಲಿಲ್ಲ. ಹೆಂಡತಿ ಮನೆಯಲ್ಲಿ ಪಾತ್ರೆ ಇಡುವಾಗಲೂ ಸದ್ದು ಮಾಡುತ್ತಿರಲಿಲ್ಲ. ನಾನು ಆ ತಿಂಗಳುಗಳಲ್ಲಿ ಸಾವಿನ ಮನೆಗೆ ಹೋಗುವುದನ್ನು ಪೂರಾ ಬಿಟ್ಟೆ. ಹಳೆಯ ಕಾಲದವನು ನಾನು, ಮೂಢನಂಬಿಕೆಯೆಂದು ಯಾರಾದರೂ ಅಂದರೆ ಹೌದೆನ್ನುತ್ತೇನೆ. ಮಗು ಬಂತು. ಹೆಣ್ಣು. ಅಳು ಎಷ್ಟು ಜೋರಿತ್ತೆಂದರೆ ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದ ನನಗೇ ಕೇಳಿಸಿತು. ಬಸ್ ನಿಲ್ದಾಣದ ರಕ್ತ.

ತೊಟ್ಟಿಲು ಶಾಸ್ತ್ರ ತಮ್ಮ ಮನೆಯಲ್ಲೇ ಆಗಬೇಕೆಂದು ತಾಳ್ಯದ ಬೀಗರು ಕೇಳಿಕೊಂಡರು. ಆಗಲಿ ಎಂದೆವು. ಹೊಸ ಹಗ್ಗ ನಾವೇ ಕೊಂಡೊಯ್ದೆವು. ದಾರಿಯುದ್ದಕ್ಕೂ ಹೆಂಡತಿ ಬಸ್ಸಿನಲ್ಲಿ ತುಟಿ ಅಲ್ಲಾಡಿಸುತ್ತ ಜೋ ಅಭ್ಯಾಸ ಮಾಡುತ್ತಿದ್ದುದನ್ನು ನೋಡಿದೆ. ನೋಡದವನಂತೆ ಕೂತೆ.

ತೊಟ್ಟಿಲು ಕಟ್ಟಿ ಆಗಿತ್ತು. ಹೆಂಗಸರು ತುಂಬಿದ್ದರು. ಬೀಗಿತ್ತಿ ಒಳ್ಳೆಯ ಹೆಂಗಸು. ನನಗೆ ಬೆಲ್ಲದ ಕಾಫಿ ಕೊಟ್ಟು ಎದುರಿಗೆ ಚಾಪೆಯ ಮೇಲೆ ಕುಳಿತು ಮಾತು ತೆಗೆದರು.

"ಬೀಗ್ರೆ, ನಿಮ್ ಪದ ಬಾಳ ಚೆನಾಗೈತೆ."

"ಎಲ್ಲ ನಿಮ್ಮ ಆಶೀರ್ವಾದ."

"ನಮ್ಮತ್ತೆ ತೀರ್ಕಂಡಾಗ ಅದನ್ನೇ ಹಾಕ್ಸಿದ್ವಿ. ಕೇಳಿ ಕೇಳಿ ಅತ್ತಿವಿ." ಸ್ವಲ್ಪ ಹೊತ್ತು ಸೆರಗಿನ ಅಂಚು ತಿರುವಿದರು. "ಅದಕ್ಕೇ ಇವತ್ತು ಬ್ಯಾಡ."

"ಅದು ಜೋಗುಳ ಕಣಮ್ಮ," ಎಂದೆ. ಈ ವಾಕ್ಯವನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೆನೋ, ಆ ಹೊತ್ತಿಗೆ ನನ್ನ ಬಾಯಲ್ಲೇ ಅದು ಸುಳ್ಳಿನಂತೆ ಕೇಳಿಸಿತು. "ಈ ಮಗೂಗೇ ಬರೆದಿದ್ದು. ಬರೋದಕ್ಕೆ ಮುಂಚೆನೇ."

"ನಮಗೆ ಗೊತ್ತು ಬೀಗ್ರೆ. ನಿಮ್ ಮಗಳು ಹೇಳ್ಯಾಳೆ. ಆದ್ರೆ ಈ ಹೆಂಗಸ್ರಿಗೆಲ್ಲ ಏನಂತ ಹೇಳಾಣ? ಆ ಪದ ಎತ್ತಿದ ಕೂಡ್ಲೆ ಒಬ್ಬೊಬ್ರೂ ಎದ್ದು ಸ್ನಾನಕ್ಕೆ ಹೋಗ್ತಾರೆ."

ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳ ಮುಖ ನೋಡಿ ಬೀಗಿತ್ತಿಗೆ ಏನೋ ಕರಗಿತು. ಸ್ವಲ್ಪ ಯೋಚಿಸಿ ಒಂದು ಉಪಾಯ ಹೇಳಿದರು. ಮಗುವನ್ನು ತೊಟ್ಟಿಲಿಗೆ ಹಾಕುವ ಮುಂಚೆ ಗುಂಡುಕಲ್ಲನ್ನು ಮಲಗಿಸುವ ಪದ್ಧತಿ ನಮ್ಮಲ್ಲಿದೆ. ಒರಳಿನ ಆ ಗುಂಡುಕಲ್ಲಿಗೆ ಎಣ್ಣೆ ನೀರೆರೆದು, ಬಟ್ಟೆ ತೊಡಿಸಿ, ಕುಲಾವಿ ಕಟ್ಟಿ ಮೊದಲು ಅದನ್ನು ತೂಗುತ್ತಾರೆ. ಮಗು ಕಲ್ಲಿನಂತೆ ಗಟ್ಟಿಯಾಗಲಿ ಎಂದು ಕೆಲವರು. ಬರುವ ಕೇಡು ಕಲ್ಲಿಗೇ ತಗಲಿ ತೀರಲಿ ಎಂದು ಇನ್ನು ಕೆಲವರು.

"ಗುಂಡುಕಲ್ಲಿಗೆ ಹಾಡ್ರಿ ಬೀಗ್ರೆ," ಎಂದರು ಬೀಗಿತ್ತಿ. "ನಿಮ್ ಆಸೆನೂ ಆಗ್ತೈತೆ. ಏನಾರ ಇದ್ರೆ ಕಲ್ಲಿಗೇ ಹೋಗ್ತೈತೆ. ಕೂಸನ್ನ ಆಮೇಲೆ ತರಾಣ."

ಮಗಳು ಕೂಸಿನ ಜೊತೆ ಒಳಕೋಣೆಯಲ್ಲಿದ್ದಳು. ಕದ ಹಾಕಿದರು, ಪದ ಒಳಗೆ ಹೋಗದಿರಲೆಂದು. ಕದದ ಕೆಳಗಿನ ಸಂದಿಗೆ ಯಾರೋ ಚೀಲ ಒತ್ತಿದರು.

ನಾನು ಹಾಡಿದೆ. ಹಾಡಬಾರದಿತ್ತೇನೋ. ಆದರೆ ಇಷ್ಟು ವರ್ಷ ಕಾದ ಪದ, ತೊಟ್ಟಿಲು ಎದುರಿಗಿತ್ತು, ನಾಲ್ಕು ಹಗ್ಗಕ್ಕೆ ನಾಲ್ವರು ನಿಂತಿದ್ದರು. ಒಂದು ಹಗ್ಗ ನನ್ನ ಹೆಂಡತಿಯ ಕೈಯಲ್ಲಿತ್ತು. ತೊಟ್ಟಿಲಲ್ಲಿ ಕೆಂಪು ಕುಲಾವಿ ಕಟ್ಟಿಕೊಂಡ ಕಲ್ಲು. ದೂರದಿಂದ ಬಂದ ಜೀವ ಎಂದೆ. ಅದು ಬಂದದ್ದು ಹಿತ್ತಲಿನಿಂದ. ಚರಣದ ಕೊನೆಗೆ ಹೆಂಡತಿ ಜೋ ಎಂದಳು. ದನಿ ನಡುಗಿತು, ಯುವಕ ಹೇಳಿದ್ದು ನಿಜ. ಆದರೂ ಜೋ ಇದ್ದಾಗ ಅದು ಎಂಥ ಪದವೆಂಬುದು ಬಹಳ ದಿನದ ಮೇಲೆ ನನ್ನ ಕಿವಿಗೆ ಬಿತ್ತು. ಮೂರನೇ ಚರಣವನ್ನು ಯಾರೂ ತಡೆಯಲಿಲ್ಲ, ಹಲಗೆಯೂ ಇರಲಿಲ್ಲ. ಎದ್ದು ನಗುವಾಗ ಕಿವಿಯಾಗ ಹೆಸರ ಉಸುರೇವು ಎಂದು ಗುಂಡುಕಲ್ಲಿಗೆ ಪೂರ್ತಿಯಾಗಿ ಭರವಸೆ ಕೊಟ್ಟೆ. ಹೆಂಗಸರು ನೆಲ ನೋಡುತ್ತ ನಿಂತಿದ್ದರು. ಒಬ್ಬಳು ಕಣ್ಣೊರೆಸಿಕೊಂಡಳು, ಯಾರ ನೆನಪಿಗೋ, ಕೇಳಲಿಲ್ಲ.

ಮುಗಿದ ಕೂಡಲೇ ಕಲ್ಲನ್ನು ಹಿತ್ತಲಿಗೆ ಒಯ್ದರು. ತೊಟ್ಟಿಲಿಗೆ ಗಂಜಲ ಚಿಮುಕಿಸಿದರು. ಕದ ತೆಗೆದು ಕೂಸನ್ನು ತಂದು ಮಲಗಿಸಿದರು, ಕಿವಿಯಲ್ಲಿ ಹೆಸರು ಹೇಳಿದರು. ಯಾರದೋ ಫೋನಿನಲ್ಲಿ ಒಂದು ಜೋಗುಳ ಹಾಕಿದರು. ಕೆಟ್ಟದ್ದೇನಲ್ಲ. ಶಹನಾಯಿ ಇರಲಿಲ್ಲ.

ಮಧ್ಯಾಹ್ನ ಎಲ್ಲರೂ ಪಂಕ್ತಿಗೆ ಕೂತಾಗ ಮಗಳು ಕೂಸನ್ನು ಎತ್ತಿಕೊಂಡು ನಾನಿದ್ದ ಪಡಸಾಲೆಗೆ ಬಂದಳು. ನನ್ನ ತೊಡೆಯ ಮೇಲೆ ಇಟ್ಟಳು. ಪಕ್ಕದಲ್ಲಿ ಗೋಡೆಗೊರಗಿ ಕುಳಿತಳು.

"ಕದದ ಹಿಂದೆ ನಿಂತು ಕೇಳಿಸ್ಕಂಡೆ ಕಣಪ್ಪ," ಎಂದಳು. "ಈಗ ಯಾರೂ ಇಲ್ಲ. ಇವ್ಳಿಗೆ ಹಾಡು. ಮೆಲ್ಲಗೆ."

"ನಿಮ್ಮತ್ತೆ?"

"ನಮ್ಮತ್ತೆ ಪಾಯಸ ಬಡಿಸ್ತಾವ್ರೆ. ಹಾಡಪ್ಪ. ನಂಗೋಸ್ಕರ."

ಕೂಸಿನ ಕಡೆ ನೋಡಿದೆ. ಹೊಸ ಬಟ್ಟೆ ಹೊದಿಸಿದ್ದರು. ಹಣೆಗೆ ವಿಭೂತಿ ಹಚ್ಚಿದ್ದರು. ಬೆಳಗಿನಿಂದ ಹತ್ತಾರು ನೆಂಟರು ಮುಖ ನೋಡಿ ಹೋಗಿದ್ದರು. ಕಣ್ಣು ಮುಚ್ಚಿ, ಕೈ ಬಿಟ್ಟು, ಅಲ್ಲಾಡದೆ ಮಲಗಿತ್ತು. ದೂರದಿಂದ ಎಂದು ಬಾಯಿ ತೆರೆದೆ. ನನ್ನ ಕಿವಿಯೊಳಗೆ ಶಹನಾಯಿ ಹೊರಟಿತು. ಚೆಂಡುಹೂವಿನ ವಾಸನೆ ಬಂತು. ಹಿರಿಯೂರಿನ ಆ ಜನರೆಲ್ಲ ಯಾಕೆ ಎದ್ದು ನಿಂತರೆಂಬುದು ಆಗ ನನಗೆ ಅರ್ಥವಾಯಿತು. ಅವರು ಪದವನ್ನು ತಪ್ಪಾಗಿ ಕೇಳಿರಲಿಲ್ಲ. ನಾನು ಕಟ್ಟಿದ್ದೇ ಹಾಗಿತ್ತು. ಬಾರದ ಮಗುವಿನ ಅಂಜಿಕೆಯೆಲ್ಲ ಅದರೊಳಗೆ ಕೂತಿತ್ತು, ಕಟ್ಟುವಾಗಲೇ. ಜೋ ಎಂಬ ಒಂದೇ ಹಗ್ಗ ಅದನ್ನು ಈ ಕಡೆಗೆ ಹಿಡಿದಿತ್ತು.

ಕೂಸಿನ ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ. ಉಸಿರು ಬೆಚ್ಚಗಿತ್ತು.

"ಏನಾತಪ್ಪ?"

"ಗಂಟಲು ಕಟ್ಟೈತವ್ವ," ಎಂದೆ.

ಅವಳು ಬಹಳ ಹೊತ್ತು ಕಾದಳು. ಆಮೇಲೆ ಕೂಸನ್ನು ತೆಗೆದುಕೊಂಡು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಹೊಸದುರ್ಗದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಹೊಳಲ್ಕೆರೆ ದಾಟಿದ ಮೇಲೆ ಫೋನು ಬಂತು.

"ನಮಸ್ಕಾರ ಯಜಮಾನ್ರೆ, ಹಿರೇಗುಂಟನೂರಿಂದ. ನಮ್ ದೊಡ್ಡಪ್ಪ ಹೋಗ್ಬಿಟ್ರು. ಗಾಡಿಯಾಗೆ ಹಾಕ್ಸಬೌದಿತ್ತು, ಆದ್ರೆ ಅವ್ರಿಗೆ ನಿಮ್ ಪದ ಅಂದ್ರೆ ಜೀವ. ನೀವೇ ಬಂದು ಎತ್ತಿದ್ರೆ..."

ನನ್ನ ಭಾಷೆಯಲ್ಲಿ ಪದವನ್ನೂ ಎತ್ತುತ್ತಾರೆ, ಕೂಸನ್ನೂ ಎತ್ತುತ್ತಾರೆ. ಇನ್ನೊಂದನ್ನೂ ಎತ್ತುತ್ತಾರೆ.

"ಎಷ್ಟೊತ್ತಿಗೆ ಎತ್ತುತೀರಿ?" ಎಂದು ಕೇಳಿದೆ.

"ನಾಳೆ ಮಧ್ಯಾನ. ನೀವು ಬಂದ ಮೇಲೇ."

"ಬರ್ತೀನಿ."

ಫೋನು ಜೇಬಿಗಿಟ್ಟೆ. ಹೆಂಡತಿ ಕೇಳಿಸಿಕೊಂಡಿದ್ದಳು. ಮಿಕ್ಕ ಹಗ್ಗದ ತುಂಡು ಅವಳ ಮಡಿಲಲ್ಲಿತ್ತು. ಅದನ್ನು ಸುತ್ತಿ ಸುತ್ತಿ ಚೀಲಕ್ಕೆ ಹಾಕಿದಳು.

"ಜೋ ಹೇಳಾಕೆ ನಾನು ಬರಲ್ಲ," ಎಂದಳು.

"ಅಲ್ಲಿ ಜೋ ಕೇಳಲ್ಲ ಬಿಡು," ಎಂದೆ.